ಮಿತಿಯನ್ನು ಅರಿತ ಅರಸು

ಭೀಮಾ ತೀರದ ಚೌಡಾಪುರ, ಅಫಜಲಪುರ, ಜೇವರ್ಗಿಗಳ ನೆಲವು ಒಂದು ಕಾಲಕ್ಕೆ ಮಾನ್ಯಖೇಟದ ರಾಷ್ಟ್ರಕೂಟರ ಆಳ್ವಿಕೆಗೆ ಸೇರಿತ್ತು. ಕಾಗಿಣಾ ನದಿಯ ದಂಡೆಯ ಆ ರಾಜಧಾನಿಯೇ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಆಳಿದ ಜಿನಭಕ್ತ ಅಮೋಘವರ್ಷ ನೃಪತುಂಗನು ಈ ವಂಶದ ಕೀರ್ತಿಕಳಶ.

ತಂದೆ ಮೂರನೆಯ ಗೋವಿಂದನ ತರುವಾಯ, ಕ್ರಿ.ಶ. 814ರಲ್ಲಿ, ಪಟ್ಟವೇರಿದಾಗ ಅವನಿನ್ನೂ ಬಾಲಕ. ಸಾಮಂತರು ದಂಗೆಯೆದ್ದರು. ಗುಜರಾತ್ ಶಾಖೆಯ ಕರ್ಕನ ನೆರವಿನಿಂದ ಸಿಂಹಾಸನ ಉಳಿಯಿತು. ಮುಂದೆ ರಾಜ್ಯದ ಸಿರಿ ಎಷ್ಟು ಬೆಳೆಯಿತೆಂದರೆ, ಅರಬ್ ವರ್ತಕ ಸುಲೈಮಾನನ ವೃತ್ತಾಂತವು ರಾಷ್ಟ್ರಕೂಟ ದೊರೆಯನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತು.

ಅಂಥ ದೊರೆಯು ಆಚಾರ್ಯ ಜಿನಸೇನರ ಪಾದಗಳಿಗೆ ತಲೆಬಾಗಿದನು. ಸಿರಿಯನ್ನು ಗಳಿಸಬಾರದೆಂದು ಜಿನಧರ್ಮವು ಗೃಹಸ್ಥನಿಗೆ ಹೇಳುವುದಿಲ್ಲ. ಗಳಿಕೆಗೆ ಎಲ್ಲೆ ಹಾಕಿಕೊಳ್ಳೆಂದು ವಿಧಿಸುತ್ತದೆ. ಹೊಲ, ಮನೆ, ಹೊನ್ನು, ಧಾನ್ಯಗಳಿಗೆ ತಾನೇ ಅಳತೆ ಗೊತ್ತುಮಾಡಿಕೊಳ್ಳುವುದು ಪರಿಗ್ರಹಪರಿಮಾಣ ವ್ರತ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಇವೆಲ್ಲ ಅನರ್ಥದಂಡವೆಂಬ ದೋಷ.

ಅಮೋಘವರ್ಷನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕ, ಚಿನ್ನದ ಲೆಕ್ಕಗಳ ಜೊತೆಗೆ ಅಗೆದ ಕುಳಿಯ ಅಳತೆಯನ್ನೂ ತಿಳಿಸಿದರು. ಗ್ರಂಥಾರಂಭದಲ್ಲಿ ದೊರೆಯನ್ನು ಹೊಗಳುವಾಗ ಅವರು ಆರಿಸಿಕೊಂಡದ್ದು ಕೋಶದ ಹೊನ್ನನ್ನಲ್ಲ. ಅವನಿಂದ ಜೀವಿಗಳೂ ಪೈರುಗಳೂ ಕೀಟಬಾಧೆ, ಅನಾವೃಷ್ಟಿಗಳಿಲ್ಲದೆ ನಲಿದವೆಂಬ ಮಾತನ್ನು. ರಾಜ್ಯದ ಲಾಭನಷ್ಟವನ್ನು ಅಳೆಯಲು ಅದೂ ಒಂದು ಮಾನದಂಡವಾಗಿತ್ತು.

ಕ್ರಿ.ಶ. 871ರ ಸಂಜಾನ್ ತಾಮ್ರಶಾಸನವು ಇನ್ನೊಂದು ಸಂಗತಿಯನ್ನು ತಿಳಿಸುತ್ತದೆ. ಪ್ರಜೆಗಳಿಗೆ ಒದಗಿದ ವಿಪತ್ತನ್ನು ನೀಗಲೆಂದು ಅವನು ತನ್ನ ಎಡಗೈಯ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನು. ಜಿನಭಕ್ತನಾದ ಅರಸನಿಗೆ ಪ್ರಜೆಗಳು ನಂಬಿದ ದೇವಿಯೂ ಅನ್ಯಳಾಗಲಿಲ್ಲ. ಸಂಕಟದ ಬೆಲೆಯನ್ನು ಅವನು ಜನರ ಮೇಲೆ ಹೊರಿಸದೆ ತನ್ನ ದೇಹದಿಂದ ತೆತ್ತನು. ಕೊನೆಗೆ ವಿವೇಕದಿಂದ ರಾಜ್ಯವನ್ನೇ ತೊರೆದನೆಂದು ಅವನ ಹೆಸರಿನ ‘ಪ್ರಶ್ನೋತ್ತರ ರತ್ನಮಾಲಿಕೆ’ ಸೂಚಿಸುತ್ತದೆ.

ಮಳಖೇಡದಲ್ಲಿ ನೇಮಿನಾಥ ಬಸದಿ ಇಂದಿಗೂ ಇದೆ. ಸುತ್ತಲಿನ ಸುಣ್ಣಕಲ್ಲಿನ ನೆಲವನ್ನು ಸಿಮೆಂಟಿಗಾಗಿ ಅಗೆಯಲಾಗುತ್ತಿದೆ. ಆ ಸಿಮೆಂಟಿನಿಂದ ಮನೆಗಳೂ ಏಳುತ್ತವೆ, ಮಂದಿರಗಳೂ ಏಳುತ್ತವೆ. ದುಡಿಯುವ ಕೈಗಳಿಗೆ ಅನ್ನವೂ ದೊರೆಯುತ್ತದೆ. ಆದ್ದರಿಂದ ಅಗೆತವೆಲ್ಲ ಪಾಪವೆನ್ನಲಾಗದು. ಎಷ್ಟು ಸಾಕೆಂಬುದನ್ನು ಕೇಳದೆ ಅಗೆಯುವುದು ಮಾತ್ರ ಅನರ್ಥ. ಇಂದಿನ ಪ್ರಭುತ್ವ ಯಾವ ಮತಕ್ಕೂ ಸೇರಿದ್ದಲ್ಲ, ಸೇರಬೇಕಾಗಿಯೂ ಇಲ್ಲ. ಕಾನೂನು ಗಣಿಗೆ ಗಡಿ ಹಾಕಬಲ್ಲದು, ಆಸೆಗೆ ಹಾಕಲಾರದು. ಪರಿಮಾಣವ್ರತವು ಎಂದಿಗೂ ರಾಜಾಜ್ಞೆಯಾಗಿರಲಿಲ್ಲ. ಅದು ಗೃಹಸ್ಥನು ತಾನೇ ಮನಸಾರೆ ಕೈಗೊಳ್ಳುವ ನಿಯಮ. ಆದುದರಿಂದಲೇ ಅರಸರು ಅಳಿದರೂ ಅದು ಅಳಿಯಲಿಲ್ಲ. ಮನೆ ಕಟ್ಟುವವನೂ ಹೊಲಕ್ಕೆ ನೀರೆತ್ತುವವನೂ ಇಂದು ಅದನ್ನು ಕೈಗೊಳ್ಳಬಹುದು.