ಮಾಧವರಂ ಶಿಲೆ, ಮಂತ್ರಾಲಯದ ಬೃಂದಾವನ

ಭುವನಗಿರಿಯ ತಿಮ್ಮಣ್ಣಭಟ್ಟ–ಗೋಪಿಕಾಂಬೆಯರ ಸುಪುತ್ರರಾದ ವೆಂಕಟನಾಥರು 1621ರಲ್ಲಿ ಶ್ರೀ ಸುಧೀಂದ್ರತೀರ್ಥರಿಂದ ಸಂನ್ಯಾಸ ಸ್ವೀಕರಿಸಿ ಶ್ರೀ ರಾಘವೇಂದ್ರತೀರ್ಥರಾದರು. ಆದವಾನಿಯ ಸಿದ್ದಿ ಮಸೂದ್ ಖಾನನಿಂದ ಮಂಚಾಲೆ ಗ್ರಾಮವನ್ನು ಪಡೆದು ತುಂಗಭದ್ರಾ ತೀರದಲ್ಲಿ ನೆಲೆಸಿದರು.

ಕಲ್ಲನ್ನು ಅರಿಯುವುದೇ ಶಿಲ್ಪಿಯ ಮೊದಲ ಪಾಠ. ಬಿರುಕು ನೋಡಿ, ತಟ್ಟಿ ನಾದ ಕೇಳಿದ ಮೇಲೆಯೇ ಉಳಿ ಹಿಡಿಯುವುದು. ಗುರುಗಳ ಪರೀಕ್ಷೆ ಅದಕ್ಕೂ ಮಿಗಿಲು. ದಿವಾನ ವೆಂಕಣ್ಣ ಮೊದಲು ಕಡೆಯಿಸಿದ ಬೃಂದಾವನವನ್ನು ಒಪ್ಪದೆ, ಶ್ರೀರಾಮಚಂದ್ರನು ವಿಶ್ರಮಿಸಿದ ಮಾಧವರಂ ಗ್ರಾಮದ ಕರಿಬಂಡೆಯನ್ನೇ ತೋರಿಸಿದರೆಂಬುದು ಸಂಪ್ರದಾಯ. ಶಿಲ್ಪಿಗಳು ಮತ್ತೆ ಉಳಿ ಹಿಡಿದರು. ಆದರೆ ಮೊದಲಿನ ಶ್ರಮವೂ ವ್ಯರ್ಥವಾಗಲಿಲ್ಲ. ಆ ಬೃಂದಾವನವೇ ಮುಂದೆ ಶ್ರೀ ವಾದೀಂದ್ರತೀರ್ಥರಿಗೆ ಸಂದಿತೆಂದು ಭಕ್ತರು ನಂಬುತ್ತಾರೆ.

1671ರ ಶ್ರಾವಣ ಬಹುಳ ದ್ವಿತೀಯೆಯಂದು ಶ್ರೀಗಳು ಸಶರೀರರಾಗಿ ಬೃಂದಾವನ ಪ್ರವೇಶಿಸಿದರು. ಮಾಧವರದ ಆ ಶಿಲೆ ಇಂದು ಲಕ್ಷಾಂತರ ಭಕ್ತರ ಕಾಮಧೇನುವಾಗಿದೆ.