ಕೆನೆತ್ ಆಂಡರ್ಸನ್ ಹಾಗೂ .405 ರೈಫಲ್

ಕೋಣನಕುಂಟೆ: ಊರಿನ ಹೆಸರಿನಲ್ಲೇ ಕೋಣವೂ ಇದೆ, ಕುಂಟೆಯೂ ಇದೆ. 2021ರ ಜನವರಿಯಲ್ಲಿ ಇಲ್ಲಿನ ಕ್ರಾಸ್‌ವರೆಗೂ ಮೆಟ್ರೊ ಬಂದ ಮೇಲೆ, ಕನಕಪುರ ರಸ್ತೆಯು ಒಂದು ಕಾಲಕ್ಕೆ ಶಿಕಾರಿಯವರ ದಾರಿಯಾಗಿತ್ತೆಂದರೆ ಹೊಸಬರು ನಂಬಲಾರರು. ಇದೇ ರಸ್ತೆ ಕನಕಪುರವನ್ನು ದಾಟಿ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮಕ್ಕೆ ಕರೆದೊಯ್ಯುತ್ತದೆ. ಆ ಸಂಗಮದ ಚಿರತೆಯನ್ನು ಲೋಕಕ್ಕೆ ಪರಿಚಯಿಸಿದವರು ಬೆಂಗಳೂರಿನ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್. ಹುಲಿ, ಚಿರತೆ, ಆನೆಯಂತಹ ದೊಡ್ಡ ಪ್ರಾಣಿಗಳ ಬೇಟೆಗೆ ಹಗುರ ಗುಂಡಿನ ರೈಫಲ್ ತಕ್ಕುದೇ ಎಂಬ ವಾದ ಶಿಕಾರಿ ವಲಯದಲ್ಲಿ ಶತಮಾನದಷ್ಟು ಹಳೆಯದು. ಆಂಡರ್ಸನ್ ಅವರ ಬದುಕು ಆ ವಾದದ ಎರಡೂ ಬದಿಗೆ ಸಾಕ್ಷಿ ಒದಗಿಸುತ್ತದೆ.

ಆರು ತಲೆಮಾರಿನಿಂದ ಭಾರತದಲ್ಲಿ ನೆಲೆಸಿದ್ದ ಸ್ಕಾಟಿಷ್ ಮನೆತನದಲ್ಲಿ, ಸಿಕಂದರಾಬಾದ್ ಸಮೀಪದ ಬೊಲಾರಂನಲ್ಲಿ 1910ರ ಮಾರ್ಚ್ 8ರಂದು ಅವರು ಜನಿಸಿದರು. ಓದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಹಾಗೂ ಸೇಂಟ್ ಜೋಸೆಫ್ ಕಾಲೇಜಿನಲ್ಲಿ. ಕಾನೂನು ಕಲಿಯಲೆಂದು ಎಡಿನ್‌ಬರೋಗೆ ಹೋದವರು ಅರ್ಧಕ್ಕೇ ಬಿಟ್ಟು ಮರಳಿದರು. ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಹಲವು ವರ್ಷ ದುಡಿದು, ಬಳಿಕ ಬೆಂಗಳೂರಿನ ವಿಮಾನ ಕಾರ್ಖಾನೆಯ ಯೋಜನಾ ವಿಭಾಗದ ಅಧಿಕಾರಿಯಾದರು. ಕನ್ನಡ, ತಮಿಳು, ತೆಲುಗು ಮೂರೂ ಅವರಿಗೆ ಬರುತ್ತಿದ್ದವು. ಕಚೇರಿಯ ಬಿಡುವೆಲ್ಲ ಕಾಡಿಗೆ ಮೀಸಲು. 1939ರಿಂದ 1966ರವರೆಗೆ ಸರ್ಕಾರಿ ದಾಖಲೆಯಂತೆ ಅವರು ಕೊಂದ ನರಭಕ್ಷಕಗಳು ಎಂಟು ಚಿರತೆ, ಏಳು ಹುಲಿ. ಕೆಲವು ಪುಂಡಾನೆಗಳು ಇದಕ್ಕೆ ಹೊರತು.

ಈ ಅವಧಿಯಲ್ಲಿ ಅವರ ಹೆಗಲ ಮೇಲೆ ಹೆಚ್ಚಾಗಿ ಇದ್ದುದು ಅಮೆರಿಕದ ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ .405 ರೈಫಲ್. ಅದರ ತೋಟಾ ಮಾರುಕಟ್ಟೆಗೆ ಬಂದದ್ದು 1904ರಲ್ಲಿ. ಗುಂಡಿನ ತೂಕ 300 ಗ್ರೇನ್, ಅಂದರೆ ಸುಮಾರು 19 ಗ್ರಾಂ. ಅಡ್ಡಳತೆ ಸುಮಾರು ಹತ್ತೂವರೆ ಮಿಲಿಮೀಟರ್. ಹಿಡಿಕೆಯ ಕೆಳಗಿನ ಲಿವರನ್ನು ಕೆಳಕ್ಕೆಳೆದು ಮೇಲಕ್ಕೆ ತಂದರೆ ಮುಂದಿನ ತೋಟಾ ನಳಿಗೆಯೊಳಗೆ ಸಿದ್ಧ. ಆ ಕಾಲದ ಶ್ರೀಮಂತ ಶಿಕಾರಿಗಳ ಕೈಯಲ್ಲಿದ್ದ ಜೋಡುನಳಿಗೆಯ .470 ರೈಫಲಿನ ಗುಂಡು 500 ಗ್ರೇನ್ ತೂಗುತ್ತಿತ್ತು. ಅದರ ಪಕ್ಕದಲ್ಲಿ ಆಂಡರ್ಸನ್ ಅವರ ರೈಫಲ್ ಹಗುರವೇ. ಆದರೆ ಜೋಡುನಳಿಗೆ ಎರಡು ಈಡಿಗೆ ಬರಿದಾಗುವುದು. ವಿಂಚೆಸ್ಟರ್‌ನ ಪೆಟ್ಟಿಗೆಯಲ್ಲೇ ನಾಲ್ಕು ತೋಟಾಗಳಿರುತ್ತಿದ್ದವು. ಸಂಬಳದ ಮನುಷ್ಯನಿಗೆ ಬೆಲೆಯೂ ಮುಖ್ಯವಷ್ಟೆ.

.470 ಬಂದುದರ ಹಿಂದೆಯೂ ಒಂದು ಸಂಗತಿಯಿದೆ. ಸೇನೆಯ ಹಳೆಯ ಬಂದೂಕುಗಳಿಗೆ ಮದ್ದುಗುಂಡು ಸಿಕ್ಕೀತೆಂಬ ಅಂಜಿಕೆಯಿಂದ ಬ್ರಿಟಿಷ್ ಸರ್ಕಾರ 1907ರಲ್ಲಿ ಭಾರತದೊಳಗೆ .450 ಅಳತೆಯ ರೈಫಲುಗಳನ್ನು ನಿಷೇಧಿಸಿತು. ಲಂಡನ್ನಿನ ಕೋವಿ ತಯಾರಕರು ಅಳತೆಯನ್ನು ತುಸು ಬದಲಿಸಿ ಹೊಸ ಹೆಸರಿಟ್ಟರು. ದಂಗೆಯ ಭಯವೇ ಶಿಕಾರಿಯ ಕೋವಿಯ ಅಳತೆಯನ್ನು ನಿರ್ಧರಿಸಿದ ವಿಚಿತ್ರ ಪ್ರಸಂಗವಿದು.

ಸಣ್ಣ ರೈಫಲಿನ ಪರ ವಾದಿಸುವವರು ಮೊದಲು ತೆಗೆಯುವ ಹೆಸರು ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆ ಹೊಡೆದ ಡಬ್ಲ್ಯು.ಡಿ.ಎಂ. ಬೆಲ್ ಅವರದು. ಅವುಗಳಲ್ಲಿ ಬಹುಪಾಲು ಬಿದ್ದದ್ದು ಏಳು ಮಿಲಿಮೀಟರಿನ .275 ರೈಫಲಿಗೆ. ಜಿಮ್ ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಕೊಂದದ್ದೂ .275ರಿಂದ. ಆದರೆ ಬೆಲ್ ಆನೆಯ ತಲೆಬುರುಡೆಯನ್ನು ಸೀಳಿಸಿ, ಮಿದುಳು ಯಾವ ಕೋನದಿಂದ ಎಲ್ಲಿದೆಯೆಂಬುದನ್ನು ಅಭ್ಯಾಸ ಮಾಡಿದ್ದವರು. ಮೇಲಾಗಿ .275ರ ಗುಂಡು ಸಣ್ಣದಾದರೂ ಉದ್ದ, ಕಿರಿದು. ಮೂಳೆಯನ್ನು ಕೊರೆದು ನೇರವಾಗಿ ಆಳಕ್ಕಿಳಿಯುತ್ತದೆ. .405ರ ಗುಂಡು ದಪ್ಪ, ಗಿಡ್ಡ. ಮಾಂಸಖಂಡದಲ್ಲಿ ಭಾರೀ ಪೆಟ್ಟು ಕೊಟ್ಟರೂ ಆನೆಯ ಹಣೆಯ ಜೇನುಗೂಡಿನಂತಹ ಮೂಳೆಯಲ್ಲಿ ವೇಗ ಕಳೆದುಕೊಂಡು ನಿಂತುಬಿಡುವ ಅಪಾಯವಿತ್ತು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಹೋದಾಗ ಸಿಂಹಕ್ಕೆ .405 ಹಿಡಿದರು, ಆನೆಗೆಂದು ಭಾರೀ ಜೋಡುನಳಿಗೆಯನ್ನು ಬೇರೆ ಒಯ್ದಿದ್ದರು. ಈ ವಿವೇಕ ಸರಿಯಾದದ್ದು. ಆಂಡರ್ಸನ್ ಪುಂಡಾನೆಗಳ ಮುಂದೆಯೂ .405 ಹಿಡಿದು ನಿಂತದ್ದು ಧೈರ್ಯವೇ ಹೌದು, ಅನುಕರಿಸತಕ್ಕ ಪದ್ಧತಿಯಾಗಿರಲಿಲ್ಲ.

ಹುಲಿ, ಚಿರತೆಗಳ ವಿಷಯ ಬೇರೆ. ಅವುಗಳ ಚರ್ಮ, ಮೂಳೆ ಆನೆಯಷ್ಟು ಗಟ್ಟಿಯಲ್ಲ. ಆಂಡರ್ಸನ್ ಅವರ ಕ್ರಮವೆಂದರೆ ತಾಳ್ಮೆಯಿಂದ ಹತ್ತಿರಕ್ಕೆ ಬರಮಾಡಿಕೊಳ್ಳುವುದು. ಕಟ್ಟಿದ ಎಮ್ಮೆಕರುವಿನ ಬಳಿ ಅಥವಾ ಕೊಂದು ಬಿಟ್ಟುಹೋದ ಬೇಟೆಯ ಬಳಿ ಮಚಾನು ಕಟ್ಟಿ, ಇಲ್ಲವೇ ನೆಲದ ಮೇಲೆಯೇ ಮರೆಯಲ್ಲಿ ಕುಳಿತು ರಾತ್ರಿಯೆಲ್ಲ ಕಾಯುವರು. ರೈಫಲಿಗೆ ಬಿಗಿದ ಟಾರ್ಚಿನ ಬೆಳಕು ಪ್ರಾಣಿಯ ಮೇಲೆ ಬಿದ್ದ ಕ್ಷಣವೇ ಈಡು. ಅಷ್ಟು ಸಮೀಪದಿಂದ ಅಳತೆಯ ಚರ್ಚೆಗೆ ಹೆಚ್ಚು ಅರ್ಥವಿಲ್ಲ. ಗುರಿ ತಪ್ಪಿದರೆ ಬೆಳಗಾದ ಮೇಲೆ ರಕ್ತದ ಜಾಡು ಹಿಡಿದು ಹೋಗಲೇಬೇಕು. ಅವರ ಕತೆಗಳಲ್ಲಿ ಓದುಗನ ಎದೆ ನಡುಗಿಸುವ ಪುಟಗಳು ಮಚಾನಿನ ಮೇಲಿನವಲ್ಲ, ಈ ಮರುದಿನದ ನಡಿಗೆಯವು.

ಆ ನಡಿಗೆ ಏಕೆ ಅನಿವಾರ್ಯವೆಂಬುದನ್ನು ಜವಳಗಿರಿಯ ಹೆಣ್ಣುಹುಲಿಯ ಕತೆ ಹೇಳುತ್ತದೆ. ಇಂದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ, ಕನ್ನಡಿಗರೂ ಇರುವ ಆ ಗಡಿ ಸೀಮೆಯಲ್ಲಿ ಜೊತೆಗಾರನನ್ನು ಕಳೆದುಕೊಂಡಿದ್ದ ಹುಲಿಯನ್ನು ಒಬ್ಬ ಶಿಕಾರಿ ಗಾಯಗೊಳಿಸಿದ. ಅದು ಸಾಯಲಿಲ್ಲ, ಮನುಷ್ಯರನ್ನು ಹಿಡಿಯತೊಡಗಿತು. ಒಂದು ಅರೆಬರೆ ಈಡಿನ ಬೆಲೆಯನ್ನು ತೆತ್ತವರು ಹೊಲಕ್ಕೂ ಹಾದಿಗೂ ಬರಿಗೈಯಲ್ಲಿ ಹೋಗುತ್ತಿದ್ದ ಹಳ್ಳಿಗರು. ನಾಡಕೋವಿಯ ಚರೆ ತಿಂದು ಕುಂಟಾದ ಹುಲಿ, ಚಿರತೆಗಳೂ ಇದೇ ದಾರಿ ಹಿಡಿಯುತ್ತಿದ್ದವು. ಸಣ್ಣ ಕೋವಿ ಸಾಕೇ ಎಂಬುದು ಬೇಟೆಗಾರನ ಪ್ರತಿಷ್ಠೆಯ ಪ್ರಶ್ನೆಯಾಗಿರದೆ ಊರಿನವರ ಪ್ರಾಣದ ಪ್ರಶ್ನೆಯಾಗಿದ್ದುದು ಈ ಕಾರಣದಿಂದಲೇ. ವಿಶೇಷವೆಂದರೆ ಆಂಡರ್ಸನ್ ಅವರಿಗೆ ಕಾಡನ್ನು ಓದಲು ಕಲಿಸಿದವರಲ್ಲಿ ಮುಖ್ಯನಾದ ಪೂಜಾರಿ ಬುಡಕಟ್ಟಿನ ಬೈರ ಸ್ವತಃ ನಾಡಕೋವಿಯ ಕಳ್ಳಬೇಟೆಗಾರ. ಅರಣ್ಯ ಇಲಾಖೆಯ ಕಣ್ಣಿಗೆ ಅಪರಾಧಿಯಾದ ಆತನನ್ನು ಅವರು ಹಿಡಿದುಕೊಡಲಿಲ್ಲ, ಗೆಳೆಯನನ್ನಾಗಿ ಮಾಡಿಕೊಂಡರು.

ನರಭಕ್ಷಕಗಳನ್ನು ಕುರಿತ ಮೊದಲ ಪುಸ್ತಕ 1954ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆ ಬಳಿಕ ಬಂದ ಪುಸ್ತಕಗಳಲ್ಲಿ ರೋಚಕತೆ ಸ್ವಲ್ಪ ಹೆಚ್ಚೆನ್ನುವವರುಂಟು. ಹಳ್ಳಿ, ಹಳ್ಳ, ಜನರ ವಿವರಗಳಲ್ಲಿ ಮಾತ್ರ ಅವರ ಕಣ್ಣು ಬಲು ಸೂಕ್ಷ್ಮ. ವಯಸ್ಸಾದಂತೆ ಅವರು ಬೇಟೆಯನ್ನು ಬಿಟ್ಟು ಕಾಡಿನ ರಕ್ಷಣೆಯ ಪರ ಮಾತನಾಡತೊಡಗಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಹುಲಿ ಶಿಕಾರಿಯ ಯುಗ ಕಾನೂನಿನ ದೃಷ್ಟಿಯಲ್ಲಿಯೂ ಮುಗಿಯಿತು. 1974ರ ಆಗಸ್ಟ್ 30ರಂದು ಬೆಂಗಳೂರಿನಲ್ಲಿ ಆಂಡರ್ಸನ್ ಕ್ಯಾನ್ಸರಿನಿಂದ ನಿಧನರಾದರು. ಕೋಣನಕುಂಟೆಗೆ ದೂರವಲ್ಲದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವೆನಿಸಿದ್ದೂ ಅದೇ ವರ್ಷ. ಕನ್ನಡದ ಮನೆಗಳಿಗೆ ಅವರನ್ನು ತಲುಪಿಸಿದವರು ಸ್ವತಃ ಕೋವಿಯನ್ನೂ ಗಾಳವನ್ನೂ ಬಲ್ಲ ಪೂರ್ಣಚಂದ್ರ ತೇಜಸ್ವಿ. ಮಾಗಡಿಯ ಚಿರತೆಯೂ ಜಾಲಹಳ್ಳಿಯ ಕುರ್ಕವೂ ಕನ್ನಡಿಗರಿಗೆ ಪರಿಚಿತವಾದದ್ದು ಅವರ ಕಾಡಿನ ಕತೆಗಳ ಮಾಲೆಯಿಂದ.