ಹಡ್ಸನ್ ಟೇಲರರು ಚೀನಾದೇಶಕ್ಕೆ ಸಿದ್ಧರಾದ ವಿಧ

ದೂರದೇಶಕ್ಕೆ ಸುವಾರ್ತೆಯನ್ನು ಒಯ್ದವರ ವಿಷಯವನ್ನು ಕೇಳುವಾಗ ಹಡಗು, ಸಮುದ್ರ, ಅಪರಿಚಿತ ಜನರು ಇವೇ ನಮ್ಮ ಮನಸ್ಸಿಗೆ ಮೊದಲು ತೋರುತ್ತವೆ. ಹಡಗು ಹತ್ತುವದಕ್ಕಿಂತ ಮುಂಚೆ ಅವರು ಕಳೆದ ವರುಷಗಳನ್ನು ಕುರಿತು ನಾವು ವಿಚಾರಿಸುವದು ಅಪರೂಪ. ಚೀನಾದ ಒಳನಾಡಿನ ಮಿಶನನ್ನು ಸ್ಥಾಪಿಸಿದ ಜೇಮ್ಸ್ ಹಡ್ಸನ್ ಟೇಲರರ ಚರಿತ್ರೆಯಲ್ಲಿ ಆ ಸಿದ್ಧತೆಯ ಭಾಗವೇ ನಮಗೆ ಬಹು ಪ್ರಯೋಜನಕರವಾಗಿ ಕಾಣುವದರಿಂದ ಅದನ್ನೇ ಇಲ್ಲಿ ವಿವರಿಸುತ್ತೇವೆ.

ಟೇಲರರು ೧೮೩೨ನೆಯ ಇಸವಿ ಮೇ ೨೧ರಂದು ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಬಾರ್ನ್ಸ್‌ಲಿ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆಯು ಔಷಧದ ಅಂಗಡಿಯನ್ನಿಟ್ಟುಕೊಂಡು ಮೆಥೊಡಿಸ್ಟ್ ಸಭೆಯಲ್ಲಿ ಬೋಧಿಸುತ್ತಿದ್ದನು. ಹುಡುಗನ ದೇಹವು ದುರ್ಬಲವಾಗಿತ್ತು. ಪ್ರಾಯ ಬರುತ್ತಲೇ ತಂದೆತಾಯಿಗಳ ನಂಬಿಕೆಯ ಕಡೆಗೆ ಮನಸ್ಸೂ ತಣ್ಣಗಾಯಿತು. ೧೮೪೯ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ ಹೊತ್ತು ಕಳೆಯುವದಕ್ಕಾಗಿ ಕೈಗೆತ್ತಿಕೊಂಡ ಸಣ್ಣ ಪುಸ್ತಿಕೆಯೊಂದು ಅವರ ಹೃದಯವನ್ನು ತಿರುಗಿಸಿತು. ಅದೇ ಹೊತ್ತಿನಲ್ಲಿ ದೂರದ ಊರಿನಲ್ಲಿದ್ದ ತಾಯಿಯು ಮಗನಿಗಾಗಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಳೆಂಬದು ಆ ಮೇಲೆ ತಿಳಿದುಬಂತು. ಆ ವರುಷ ಮುಗಿಯುವದರೊಳಗೆ ಚೀನಾದೇಶಕ್ಕೆ ಹೋಗಬೇಕೆಂಬ ಕರೆಯು ಅವರಲ್ಲಿ ದೃಢವಾಯಿತು.

ಕರೆ ಬಂದ ದಿನದಿಂದಲೇ ಅವರು ತಮ್ಮನ್ನು ಸಿದ್ಧಪಡಿಸಲಾರಂಭಿಸಿದರು. ಚೀನಾ ಭಾಷೆಯನ್ನು ಕಲಿಸುವವರು ಆ ಊರಲ್ಲಿ ಯಾರೂ ಇರಲಿಲ್ಲ. ಆ ಭಾಷೆಯಲ್ಲಿದ್ದ ಲೂಕನ ಸುವಾರ್ತೆಯ ಪ್ರತಿಯೊಂದನ್ನು ಸಂಪಾದಿಸಿ, ಇಂಗ್ಲಿಷ್ ಸುವಾರ್ತೆಯನ್ನು ಪಕ್ಕದಲ್ಲಿಟ್ಟು, ವಚನಕ್ಕೆ ವಚನವನ್ನು ಹೋಲಿಸಿ ಒಂದೊಂದೇ ಅಕ್ಷರದ ಅರ್ಥವನ್ನು ಕಂಡುಹಿಡಿದರು. ಮುಂಜಾನೆ ಬೇಗನೆ ಎದ್ದು ಓದುವದನ್ನು ರೂಢಿಸಿದರು. ಮೆತ್ತನೆಯ ಗರಿಹಾಸಿಗೆಯನ್ನು ತೊರೆದರು.

೧೮೫೧ರಲ್ಲಿ ವೈದ್ಯವನ್ನು ಕಲಿಯಲು ಹಲ್ ಎಂಬ ಬಂದರು ಪಟ್ಟಣಕ್ಕೆ ಹೋಗಿ ಡಾಕ್ಟರ್ ಹಾರ್ಡಿಯೆಂಬವರಲ್ಲಿ ಸಹಾಯಕರಾಗಿ ಸೇರಿದರು. ಬಡವರ ಕೇರಿಯಲ್ಲಿ ಒಂದು ಕೋಣೆಯನ್ನು ಹಿಡಿದು, ಹೆಚ್ಚಾಗಿ ಓಟ್ಸ್ ಗಂಜಿಯನ್ನೂ ಅನ್ನವನ್ನೂ ಉಂಡು, ಮಿಕ್ಕ ಹಣವನ್ನು ಬಡವರಿಗೆ ಕೊಡುತ್ತಿದ್ದರು. ಅವರ ಕೈಹಿಡಿಯಬೇಕೆಂದಿದ್ದ ಕನ್ಯೆಯು ಚೀನಾದೇಶಕ್ಕೆ ಬರಲೊಪ್ಪದ್ದರಿಂದ ಆ ಸಂಬಂಧವು ಮುರಿಯಿತು. ಈ ನಷ್ಟವನ್ನು ಅವರು ಬಹಳ ದುಃಖದಿಂದ ಸಹಿಸಿದರು.

ಆ ಡಾಕ್ಟರರು ಸಂಬಳದ ದಿನವನ್ನು ಮರೆಯುತ್ತಿದ್ದರು. ಜ್ಞಾಪಿಸಬೇಕೆಂದು ತಾವೇ ಹೇಳಿದ್ದರು. ಆದರೆ ಚೀನಾದಲ್ಲಿ ತನಗೆ ದೇವರ ಹೊರತು ಕೇಳತಕ್ಕವರು ಯಾರೂ ಇರಲಾರರು, ಆ ಪಾಠವನ್ನು ಇಲ್ಲಿಯೇ ಕಲಿಯಬೇಕು ಎಂದು ಟೇಲರರು ಯೋಚಿಸಿ, ಯಜಮಾನನಿಗೆ ಹೇಳದೆ ಪ್ರಾರ್ಥಿಸುತ್ತಾ ಕಾದರು. ಹೀಗಿರಲು ಅವರ ಕೈಯಲ್ಲಿ ಎರಡೂವರೆ ಶಿಲ್ಲಿಂಗಿನ ಒಂದೇ ನಾಣ್ಯ ಉಳಿಯಿತು. ಒಂದು ಆದಿತ್ಯವಾರ ರಾತ್ರಿ ಬಡವನೊಬ್ಬನು ಬಂದು, ಸಾಯುವ ಸ್ಥಿತಿಯಲ್ಲಿದ್ದ ತನ್ನ ಹೆಂಡತಿಗಾಗಿ ಪ್ರಾರ್ಥಿಸಲು ಕರೆದನು. ಆ ಮನೆಯಲ್ಲಿ ಹಸಿದ ಮಕ್ಕಳು, ನಿತ್ರಾಣಳಾದ ಬಾಣಂತಿ, ಎಳೆಯ ಕೂಸು. ಟೇಲರರು ದೇವರ ಕರುಣೆಯನ್ನು ಕುರಿತು ಆದರಣೆಯ ಮಾತುಗಳನ್ನಾಡತೊಡಗಿದರು. ಆದರೆ ನಾಣ್ಯವು ಕಿಸೆಯಲ್ಲಿರುವಾಗ ಆ ಮಾತುಗಳು ಕಪಟವಾಗಿ ತೋರಿ, ಪ್ರಾರ್ಥನೆಯೂ ಗಂಟಲಲ್ಲಿ ಸಿಕ್ಕಿಕೊಂಡಿತು. ಚಿಲ್ಲರೆಯಾಗಿದ್ದರೆ ಅರ್ಧವನ್ನು ಕೊಡಬಹುದಾಗಿತ್ತು. ಇದ್ದದ್ದು ಒಂದೇ ನಾಣ್ಯ. ಬಹಳ ಹೋರಾಟದ ನಂತರ ಅದನ್ನು ಪೂರ್ತಿಯಾಗಿ ಕೊಟ್ಟುಬಿಟ್ಟು, ಹಗುರವಾದ ಮನಸ್ಸಿನಿಂದ ಮನೆಗೆ ಬಂದು ಉಳಿದಿದ್ದ ಗಂಜಿಯನ್ನು ಕುಡಿದು ಮಲಗಿದರು. ಮರುದಿನ ಬೆಳಿಗ್ಗೆ ಟಪಾಲಿನಲ್ಲಿ ಹೆಸರಿಲ್ಲದ ಕಟ್ಟು ಬಂತು. ಅದರೊಳಗೆ ಒಂದು ಜೊತೆ ಕೈಗವಸುಗಳೂ, ಹತ್ತು ಶಿಲ್ಲಿಂಗಿನ ಚಿನ್ನದ ನಾಣ್ಯವೂ ಇದ್ದವು. ಆ ಹೆಂಗಸು ಬದುಕಿಕೊಂಡಳು.

ಇದನ್ನು ಓದಿ, ಕೊಟ್ಟರೆ ನಾಲ್ಕರಷ್ಟು ಬರುವದೆಂದು ಯಾರೂ ಲೆಕ್ಕ ಹಾಕಬಾರದೆಂದು ನಾವು ಎಚ್ಚರಿಸುತ್ತೇವೆ. ನಾಣ್ಯವನ್ನು ಕೊಟ್ಟಾಗ ಟೇಲರರಿಗೆ ಮರುದಿನದ ಟಪಾಲಿನ ವಿಷಯ ತಿಳಿದಿರಲಿಲ್ಲ. ಅವರು ಆ ರಾತ್ರಿ ಕಲಿತದ್ದು ನಂಬಿ ಕೈಬಿಡುವದನ್ನೇ.

೧೮೫೨ರಲ್ಲಿ ವೈದ್ಯಾಭ್ಯಾಸವನ್ನು ಮುಂದುವರಿಸಲು ಲಂಡನಿಗೆ ಹೋದರು. ಅಲ್ಲಿ ಅವರ ಆಹಾರವು ಹೆಚ್ಚಾಗಿ ಕಂದು ರೊಟ್ಟಿ, ಸೇಬು, ನೀರು. ಜ್ವರದಿಂದ ಸತ್ತವನ ಶವವನ್ನು ಕೊಯ್ದು ಪರೀಕ್ಷಿಸುವಾಗ ಬೆರಳಿನ ಸಣ್ಣ ಗಾಯದ ಮೂಲಕ ವಿಷವೇರಿ, ಬದುಕುವ ಆಶೆಯೇ ಇಲ್ಲವೆಂದು ಬಲ್ಲವರು ಹೇಳಿದರು. ಬಹಳ ದಿನಗಳ ಸಂಕಟದ ನಂತರ ದೇವರು ಅವರನ್ನು ಎಬ್ಬಿಸಿದನು.

೧೮೫೩ನೆಯ ಇಸವಿ ಸಪ್ಟೆಂಬರ್ ೧೯ರಂದು, ತಾಯಿಯನ್ನು ಲಿವರ್‌ಪೂಲಿನ ದಡದಲ್ಲಿ ಬಿಟ್ಟು ಡಂಫ್ರೀಸ್ ಎಂಬ ಹಡಗನ್ನೇರಿದರು. ಐದು ತಿಂಗಳಿಗೂ ಮಿಕ್ಕಿದ ಪ್ರಯಾಣವಾದ ಮೇಲೆ ೧೮೫೪ನೆಯ ಮಾರ್ಚ್ ೧ರಂದು ಶಾಂಘಾಯಿಗೆ ಮುಟ್ಟಿದರು. ಈಗ ಬೇರೊಂದು ಸಂಗತಿ ಬೈಲಿಗೆ ಬಂತು. ಕಳುಹಿಸಲ್ಪಟ್ಟವನು ಸಿದ್ಧನಾಗಿದ್ದನು, ಕಳುಹಿಸಿದ ಸಂಘವು ಸಿದ್ಧವಾಗಿರಲಿಲ್ಲ. ಪರಿಚಯಪತ್ರ ಹೊಂದತಕ್ಕವರಲ್ಲಿ ಒಬ್ಬನು ತೀರಿಹೋಗಿದ್ದನು, ಮತ್ತೊಬ್ಬನು ಅಮೇರಿಕಕ್ಕೆ ಹಿಂದಿರುಗಿದ್ದನು. ಪಟ್ಟಣವು ದಂಗೆಗಾರರ ವಶದಲ್ಲಿದ್ದು, ಅರಸನ ಸೈನ್ಯವು ಅದನ್ನು ಮುತ್ತಿತ್ತು. ವಾಸಕ್ಕೆ ಸ್ಥಳವಿಲ್ಲ, ಸಾಮಾನುಗಳ ಬೆಲೆ ವಿಪರೀತ. ಬೇರೆ ಮಿಶನಿನವರ ದಯೆಯಿಂದ ಅವರಿಗೆ ಆಶ್ರಯ ದೊರಕಿತು. ಆ ಸಂಘವು ಸಾಲಮಾಡಿ ಕೆಲಸ ನಡಿಸುತ್ತಿದ್ದದ್ದು ಮನಸ್ಸಾಕ್ಷಿಗೆ ಒಪ್ಪದೆ ೧೮೫೭ರಲ್ಲಿ ಅದನ್ನು ಬಿಟ್ಟರು. ಅದಕ್ಕಿಂತ ಮುಂಚೆ, ೧೮೫೫ರಲ್ಲಿ, ತಲೆಯ ಮುಂಭಾಗವನ್ನು ಬೋಳಿಸಿ ಹಿಂದೆ ಜಡೆಬಿಟ್ಟು ಚೀನೀಯರ ಉಡುಪನ್ನು ಧರಿಸಿದ್ದರು. ಸ್ವದೇಶದವರು ನಕ್ಕರು, ಹಳ್ಳಿಯವರಾದರೋ ಅವರ ಮಾತನ್ನು ಸಮಾಧಾನದಿಂದ ಕೇಳತೊಡಗಿದರು.

೧೮೫೮ರಲ್ಲಿ ಮರಿಯಾ ಡಯರ್ ಎಂಬವಳನ್ನು ವಿವಾಹವಾಗಿ, ೧೮೬೦ರಲ್ಲಿ ದೇಹ ಕುಗ್ಗಿ ಇಂಗ್ಲೆಂಡಿಗೆ ಹಿಂದಿರುಗಿದರು. ಗೋಡೆಯ ಮೇಲಿನ ಚೀನಾದ ನಕ್ಷೆಯನ್ನು ನೋಡಿದಾಗಲೆಲ್ಲಾ ಸುವಾರ್ತೆ ಕೇಳದ ಒಳನಾಡಿನ ಭಾರವು ಅವರನ್ನು ಒತ್ತುತ್ತಿತ್ತು. ಇತರರನ್ನು ಅಷ್ಟು ಅಪಾಯಕ್ಕೆ ಕರೆದೊಯ್ಯಲು ಭಯಪಟ್ಟು ಬಹುಕಾಲ ಹಿಂದೆಗೆದರು. ಕೊನೆಗೆ ೧೮೬೫ನೆಯ ಜೂನ್ ೨೫ರಂದು ಬ್ರೈಟನ್ ಎಂಬ ಊರಿನ ಕಡಲತೀರದಲ್ಲಿ ಆ ಭಾರವನ್ನು ದೇವರ ಮೇಲೆ ಹಾಕಿ, ಇಪ್ಪತ್ತನಾಲ್ಕು ಮಂದಿ ಕೆಲಸದವರನ್ನು ಬೇಡಿಕೊಂಡರು. ಬ್ಯಾಂಕಿನಲ್ಲಿ ಹತ್ತು ಪೌಂಡುಗಳನ್ನಿಟ್ಟು ಹೊಸ ಮಿಶನನ್ನು ಆರಂಭಿಸಿದರು.

ತಾವು ಪಟ್ಟ ಕಷ್ಟದಿಂದ ಕಲಿತದ್ದನ್ನು ಅವರು ತಮ್ಮ ಕೂಟದವರಿಗೆ ಮುಂದಾಗಿಯೇ ತಿಳಿಸಿದರು. ಗೊತ್ತಾದ ಸಂಬಳವಿಲ್ಲ, ಸಾಲ ಮಾಡಬಾರದು, ಮನುಷ್ಯರಿಂದ ಹಣ ಬೇಡಬಾರದು, ಚೀನೀಯರ ಉಡುಪನ್ನು ಧರಿಸಬೇಕು; ಇವೆಲ್ಲವನ್ನು ಮರೆಮಾಡದೆ ಹೇಳಿದರು. ದೊಡ್ಡ ವಿದ್ಯೆಯುಳ್ಳವರನ್ನೇ ಹುಡುಕಲಿಲ್ಲ. ಕಮ್ಮಾರ, ಕಲ್ಲುಕುಟಿಗ, ಬಡಗಿ ಇಂಥವರೂ ಅನೇಕ ಅವಿವಾಹಿತ ಸ್ತ್ರೀಯರೂ ಆ ಕೂಟದಲ್ಲಿದ್ದರು. ೧೮೬೬ನೆಯ ಮೇ ೨೬ರಂದು ಟೇಲರರ ಕುಟುಂಬವೂ ಹದಿನಾರು ಮಂದಿ ಮಿಶನರಿಗಳೂ ಲ್ಯಾಮರ್‌ಮ್ಯೂರ್ ಹಡಗಿನಲ್ಲಿ ಹೊರಟರು. ದಾರಿಯಲ್ಲಿ ಭಾಷೆಯನ್ನು ಕಲಿತರು. ನಾವಿಕರಲ್ಲಿ ಕೆಲವರು ಕರ್ತನ ಕಡೆಗೆ ತಿರುಗಿದರು. ಎರಡು ಬಿರುಗಾಳಿಗಳು ಪಟಸ್ತಂಭಗಳನ್ನು ಮುರಿದವು. ಸಪ್ಟೆಂಬರ್ ೩೦ರಂದು ಶಾಂಘಾಯಿಯಲ್ಲಿ ಎಲ್ಲರೂ ಜೀವಸಹಿತ ಇಳಿದರು.

ಇಷ್ಟು ಸಿದ್ಧತೆಯಾದರೂ ಎಲ್ಲವೂ ಸುಗಮವಾಗಲಿಲ್ಲ. ಕೂಟದಲ್ಲಿ ಮನಸ್ತಾಪಗಳು ಹುಟ್ಟಿದವು. ಕೆಲವರು ಆ ಉಡುಪನ್ನು ತೊರೆದರು, ಕೆಲವರು ಬಿಟ್ಟುಹೋದರು. ೧೮೬೭ರಲ್ಲಿ ಟೇಲರರ ಮಗಳಾದ ಗ್ರೇಸ್, ೧೮೭೦ರಲ್ಲಿ ಮರಿಯಮ್ಮನವರು ಆ ದೇಶದಲ್ಲೇ ತೀರಿಕೊಂಡರು. ಆದರೂ ಟೇಲರರು ಕೈಚೆಲ್ಲಲಿಲ್ಲ. ೧೯೦೫ನೆಯ ಜೂನ್ ೩ರಂದು ಚಾಂಗ್‌ಶಾ ಪಟ್ಟಣದಲ್ಲಿ ಅವರು ನಿದ್ರೆಹೋದಾಗ ಆ ಮಿಶನಿನಲ್ಲಿ ೮೦೦ಕ್ಕೂ ಹೆಚ್ಚು ಮಿಶನರಿಗಳಿದ್ದರು.

ಪ್ರಿಯ ವಾಚಕರೇ, ಸಮುದ್ರವನ್ನು ದಾಟಿದ ಮಾತ್ರಕ್ಕೆ ಯಾರಿಗೂ ಹೊಸ ಹೃದಯ ಹುಟ್ಟುವದಿಲ್ಲ. ಹಲ್ ಪಟ್ಟಣದ ಬಡ ಕೇರಿಯಲ್ಲಿ ಒಂದು ನಾಣ್ಯವನ್ನು ಬಿಟ್ಟುಕೊಡಲು ಕಲಿತವರೇ ಆ ಮೇಲೆ ಚೀನಾದಲ್ಲಿ ಎಲ್ಲವನ್ನೂ ಬಿಟ್ಟುಕೊಡಲು ಶಕ್ತರಾದರು. ನಮ್ಮ ಸಭೆಗಳಿಂದ ದೂರದ ಸೇವೆಗೆ ಹೋಗಬೇಕೆಂದಿರುವ ಯೌವನಸ್ಥರು ನೆರೆಮನೆಯ ರೋಗಿಯ ಬಳಿಗೆ ಮೊದಲು ಹೋಗಲಿ. ಕಳುಹಿಸುವ ಸಭೆಗಳೂ ತಮ್ಮ ಪಾಲಿನ ಸಿದ್ಧತೆಯನ್ನು ಮರೆಯದಿರಲಿ. ಹಡಗನ್ನೇರುವವನನ್ನು ಹಾಡಿ ಕಳುಹಿಸುವದು ಸುಲಭ. ಅವನು ಕಣ್ಮರೆಯಾದ ಮೇಲೆಯೂ ಪ್ರಾರ್ಥನೆಯಿಂದಲೂ ಕೈಯಾರೆ ಕೊಡುವ ಕಾಣಿಕೆಯಿಂದಲೂ ಅವನನ್ನು ಎತ್ತಿ ಹಿಡಿಯುವದೇ ನಿಜವಾದ ಕಳುಹಿಸುವಿಕೆ.